ರೋಮ್‌ನಲ್ಲಿ ಬರೆದ ಮಿತಿ, ಮುಳಬಾಗಿಲಿನಲ್ಲಿ ಬಿಡಿಸುವ ಟೊಮೆಟೊ

ಅಮೆರಿಕಕ್ಕೆ ಹೋಗುವ ಮಾವಿಗೆ ಭಾರತದಲ್ಲಿರುವ ಬಾಗಿಲುಗಳು ಕೆಲವೇ. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್, ನವಿ ಮುಂಬೈಯ ವಾಶಿ, ಮತ್ತೆ ನಮ್ಮ ಮಾಲೂರು ಅವುಗಳಲ್ಲಿ ಸೇರಿವೆ. ಮಾಲೂರಿನ ಇನ್ನೋವಾ ಅಗ್ರಿ ಬಯೋ ಪಾರ್ಕ್‌ನಲ್ಲಿರುವ ಗಾಮಾ ಕಿರಣದ ಘಟಕವನ್ನು ಅಮೆರಿಕದ ಕೃಷಿ ಇಲಾಖೆ ಒಪ್ಪಿದೆ. ಪೆಟ್ಟಿಗೆಯಲ್ಲಿ ತುಂಬಿದ ಹಣ್ಣಿಗೆ ಅಲ್ಲಿ ಕನಿಷ್ಠ 400 ಗ್ರೇ ವಿಕಿರಣ ತಾಗಬೇಕು. ಒಳಗೆ ಹಣ್ಣುನೊಣದ ಮರಿಯೋ ವಾಟೆ ಕೊರೆಯುವ ಹುಳವೋ ಇದ್ದರೆ ಅದು ಆ ಕ್ಷಣವೇ ಸಾಯಬೇಕೆಂದಿಲ್ಲ, ಮುಂದೆ ಬೆಳೆದು ಸಂತಾನ ಬಿಡದಂತಾದರೆ ಸಾಕು. ಹಾಗಾಗಿ ನ್ಯೂಯಾರ್ಕಿನಲ್ಲಿ ಹಣ್ಣು ಹೋಳು ಮಾಡಿದ ಅಧಿಕಾರಿಗೆ ಜೀವಂತ ಹುಳು ಕಂಡರೂ ಮಾಲೂರಿನ ದಾಖಲೆಯನ್ನು ನಂಬಿ ಆತ ಆ ಪೆಟ್ಟಿಗೆಯನ್ನು ಒಳಕ್ಕೆ ಬಿಡಬಹುದು. ಒಂದು ದೇಶದ ಅಧಿಕಾರಿ ಇನ್ನೊಂದು ದೇಶದ ಅಳತೆಯನ್ನು ಇಷ್ಟರಮಟ್ಟಿಗೆ ನಂಬಲು ವರ್ಷಗಳ ಮಾತುಕತೆ, ಪ್ರಯೋಗ, ತಪಾಸಣೆ ಬೇಕಾದವು. 1989ರಿಂದ ಮುಚ್ಚಿದ್ದ ಅಮೆರಿಕದ ಮಾರುಕಟ್ಟೆ 2007ರ ಏಪ್ರಿಲ್‌ನಲ್ಲಿ ತೆರೆಯಿತು. ಅಲ್ಲಿಂದ ಮುಂದೆ ಪ್ರತಿ ಹಂಗಾಮಿನಲ್ಲೂ ಅಮೆರಿಕದ ತಪಾಸಕರು ಇಲ್ಲಿಗೆ ಬಂದು ನಿಂತರು. 2020 ಮತ್ತು 2021ರಲ್ಲಿ ಕೋವಿಡ್‌ನಿಂದ ಅವರು ಬರಲಾಗದೆ ರಫ್ತೇ ನಿಂತಿತು. 2022ರಲ್ಲಿ ಹಣ್ಣು ಮತ್ತೆ ಹೊರಟಾಗ, ಮೇಲ್ವಿಚಾರಣೆಯ ಹೊಣೆಯನ್ನು ಹಂತ ಹಂತವಾಗಿ ಭಾರತಕ್ಕೆ ವಹಿಸುವ ಒಪ್ಪಂದವೂ ಆಗಿತ್ತು.

ದೇಶ ದೇಶಗಳ ಆಹಾರ ಸುರಕ್ಷತಾ ಸಂಸ್ಥೆಗಳು ತಮ್ಮ ತಿಳಿವಳಿಕೆಯನ್ನು ಹಂಚಿಕೊಂಡರೆ ಏನು ಸಾಧ್ಯ ಎಂಬುದಕ್ಕೆ ಕೋಲಾರ ಜಿಲ್ಲೆಯಲ್ಲೇ ಇಂಥ ಉದಾಹರಣೆಯಿದೆ. ಮಾಲೂರಿನ ಗೇಟಿನವರೆಗೆ ಬಂದ ಆ ತಿಳಿವಳಿಕೆ ಶ್ರೀನಿವಾಸಪುರದ ಮಂಡಿಗೆ, ಮುಳಬಾಗಿಲಿನ ಟೊಮೆಟೊ ಸಾಲಿಗೆ, ಕೋಲಾರದ ಕೆರೆಯಂಗಳಕ್ಕೆ ಎಷ್ಟು ಬಂದಿದೆ ಎಂದು ನೋಡಬೇಕಾಗಿದೆ. ರಫ್ತಾಗುವ ಹಣ್ಣಿಗೆ ಸಿಗುವ ಕಾಳಜಿ ಇಲ್ಲೇ ಉಣ್ಣುವ ನಮಗೂ ಸಿಗಬೇಕಲ್ಲವೇ?

ಈ ವಿನಿಮಯದ ವ್ಯವಸ್ಥೆ ಹಳೆಯದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸೇರಿ 1963ರಲ್ಲಿ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗವನ್ನು ಕಟ್ಟಿದವು. ಅದರ ಕಾರ್ಯಾಲಯ ರೋಮ್‌ನಲ್ಲಿದೆ; ಭಾರತ 1964ರಿಂದ ಸದಸ್ಯ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಕೋಡೆಕ್ಸ್ ಮಾನದಂಡಗಳಿಗೆ ವ್ಯಾಪಾರದ ತೂಕ ಕೊಟ್ಟಿತು. ಹುಚ್ಚು ಹಸುವಿನ ಕಾಯಿಲೆಯಿಂದ ಕಂಗೆಟ್ಟ ಯುರೋಪ್ 2002ರಲ್ಲಿ ತನ್ನದೇ ಆಹಾರ ಸುರಕ್ಷತಾ ಪ್ರಾಧಿಕಾರವನ್ನು ಸ್ಥಾಪಿಸಿ, ಅಪಾಯ ಎಷ್ಟೆಂದು ಅಳೆಯುವ ವಿಜ್ಞಾನಿಗಳನ್ನೂ ಏನು ಮಾಡಬೇಕೆಂದು ತೀರ್ಮಾನಿಸುವ ಆಡಳಿತವನ್ನೂ ಬೇರೆ ಬೇರೆಯಾಗಿ ನಿಲ್ಲಿಸಿತು. ನಮ್ಮ ಸಂಸತ್ತು 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ತಂದಿತು. 2008ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ರೂಪುಗೊಂಡಿತು, 2011ರ ಆಗಸ್ಟ್‌ನಿಂದ ನಿಯಮಗಳು ಜಾರಿಗೆ ಬಂದವು. ವೈಜ್ಞಾನಿಕ ಸಮಿತಿಗಳು ಬೇರೆ, ಅನುಷ್ಠಾನ ಬೇರೆ ಎಂಬ ವಿಂಗಡಣೆ ನಮ್ಮ ಕಾಯ್ದೆಯಲ್ಲೂ ಇದೆ.

ವಿನಿಮಯ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಮೊದಲು ಅನುಭವಿಸಿದವರು ದ್ರಾಕ್ಷಿ ಬೆಳೆಗಾರರು. 2010ರಲ್ಲಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಯಿತು. ಬಳ್ಳಿಯ ಬೆಳವಣಿಗೆ ತಡೆಯಲು ಬಳಸುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕದ ಉಳಿಕೆ ಅದರಲ್ಲಿ ಪತ್ತೆಯಾಗಿತ್ತು. ನಮ್ಮಲ್ಲಿ ರಫ್ತಿಗೆ ಮುಂಚೆ ಪರೀಕ್ಷಿಸುವ ರಾಸಾಯನಿಕಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ತೋಟದಲ್ಲಿ ಬಳಸುತ್ತಿದ್ದುದು ರೈತನಿಗೆ ಗೊತ್ತಿತ್ತು, ಮಿತಿ ಯುರೋಪಿನ ಪುಸ್ತಕದಲ್ಲಿತ್ತು, ನಡುವೆ ಇರಬೇಕಾದ ಕೊಂಡಿ ಇರಲಿಲ್ಲ. 2014ರ ಮೇ 1ರಿಂದ ಯುರೋಪ್ ಒಕ್ಕೂಟ ನಮ್ಮ ಮಾವನ್ನೂ ಬದನೆ, ಹಾಗಲ, ಪಡವಲ, ಕೆಸುವನ್ನೂ ತಡೆಯಿತು. ಹಿಂದಿನ ವರ್ಷ 207 ಸರಕುಗಳಲ್ಲಿ ಹಣ್ಣುನೊಣ ಮುಂತಾದ ಕೀಟಗಳು ಸಿಕ್ಕಿದ್ದವು. 2014ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ತಪಾಸಣಾ ತಂಡ ಬಂದು ನಮ್ಮ ಪ್ಯಾಕ್‌ಹೌಸ್‌ಗಳನ್ನೂ ಬಿಸಿನೀರಿನ ಸಂಸ್ಕರಣೆಯನ್ನೂ ನೋಡಿತು. 2015ರ ಜನವರಿಯಲ್ಲಿ ಮಾವಿನ ಮೇಲಿನ ತಡೆ ಹೋಯಿತು, ತರಕಾರಿಗಳದ್ದು ಮುಂದುವರಿಯಿತು. ಕೀಟದ ಪ್ರಶ್ನೆ ಸಸ್ಯರಕ್ಷಣೆಯದು, ಆಹಾರ ಸುರಕ್ಷತೆಯದಲ್ಲ ಎಂದು ಅಧಿಕಾರಿಗಳು ಬೇರ್ಪಡಿಸುತ್ತಾರೆ. ಆದರೆ ನೊಣವನ್ನು ತಡೆಯಲು ಹೊಡೆದ ಔಷಧಿಯೇ ನಾಳೆ ಹಣ್ಣಿನಲ್ಲಿ ಉಳಿಕೆಯಾಗಿ ಸಿಗುತ್ತದೆ. ಬೆಳೆಗಾರನ ಪಾಲಿಗೆ ಎರಡೂ ಒಂದೇ ಸಂಕಟ.

ಶ್ರೀನಿವಾಸಪುರಕ್ಕೆ ಬರೋಣ. ಜಿಲ್ಲೆಯಲ್ಲಿ ಐವತ್ತು ಸಾವಿರ ಹೆಕ್ಟೇರ್‌ಗೆ ಹತ್ತಿರ ಮಾವಿದೆ, ಅದರ ದೊಡ್ಡ ಪಾಲು ಈ ತಾಲ್ಲೂಕಿನದು. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ನೀಲಂ, ಎಲ್ಲಕ್ಕಿಂತ ಹೆಚ್ಚಾಗಿ ತೋತಾಪುರಿ. ಹೊಗಳಗೆರೆಯ ತೋಟಗಾರಿಕಾ ಕ್ಷೇತ್ರದಲ್ಲಿ ಇಸ್ರೇಲ್ ಸಹಕಾರದ ಮಾವು ಉತ್ಕೃಷ್ಟತಾ ಕೇಂದ್ರವೂ ಇದೆ. ಹತ್ತಿರ ಹತ್ತಿರ ಗಿಡ ನೆಡುವುದು, ಗಿಡವನ್ನು ಗಿಡ್ಡವಾಗಿಯೇ ಇಡುವುದು, ಹನಿಯಲ್ಲಿ ಗೊಬ್ಬರ ಕೊಡುವುದು ಅಲ್ಲಿ ನಡೆದಿದೆ. ಗಿಡ್ಡ ಮರಕ್ಕೆ ಔಷಧಿ ಕಡಿಮೆ ಸಾಕಾಗುತ್ತದೆ, ಸಿಂಪಡಿಸುವವನ ಮೈಮೇಲೂ ಕಡಿಮೆ ಬೀಳುತ್ತದೆ. ಇಳುವರಿಗೆಂದು ಬಂದ ವಿದ್ಯೆ ಸುರಕ್ಷತೆಗೂ ಒದಗುತ್ತದೆ ಎಂಬುದನ್ನು ಆ ಕೇಂದ್ರ ಇನ್ನಷ್ಟು ಎತ್ತಿ ಹೇಳಬೇಕು.

ಮಂಡಿಯ ಹಳೆಯ ರೋಗವೆಂದರೆ ಕಾರ್ಬೈಡ್. ಕ್ಯಾಲ್ಸಿಯಂ ಕಾರ್ಬೈಡ್‌ಗೆ ತೇವ ತಾಗಿದರೆ ಅಸಿಟಿಲೀನ್ ಅನಿಲ ಬರುತ್ತದೆ, ಕಾಯಿಗೆ ಹಳದಿ ಬಣ್ಣ ಏರುತ್ತದೆ. ಅದರೊಳಗೆ ಆರ್ಸೆನಿಕ್ ಮತ್ತು ರಂಜಕದ ಕಲ್ಮಶಗಳಿರುತ್ತವೆ. ಹಳೆಯ ಕಲಬೆರಕೆ ತಡೆ ನಿಯಮಗಳಲ್ಲೂ ಅದು ನಿಷಿದ್ಧವೇ, 2011ರ ನಿಯಮಗಳಲ್ಲೂ ನಿಷಿದ್ಧವೇ. ಆದರೂ ಹೋಗಲಿಲ್ಲ, ಏಕೆಂದರೆ ಬಹುಕಾಲ ನಿಷೇಧ ಮಾತ್ರ ಇತ್ತು, ಬದಲಿ ದಾರಿ ಇರಲಿಲ್ಲ. ಹಣ್ಣು ತಾನಾಗಿ ಮಾಗುವಾಗ ಬಿಡುವುದು ಎಥಿಲೀನ್ ಅನಿಲವನ್ನೇ. ಬಾಳೆಹಣ್ಣಿನ ವ್ಯಾಪಾರದಲ್ಲಿ ಪ್ರಪಂಚದೆಲ್ಲೆಡೆ ಅದನ್ನೇ ಕೋಣೆಯೊಳಗೆ ಬಿಟ್ಟು ಮಾಗಿಸುತ್ತಾರೆ. 2016ರಲ್ಲಿ ಎಫ್‌ಎಸ್‌ಎಸ್‌ಎಐ ದಶಲಕ್ಷಕ್ಕೆ 100 ಪಾಲಿನವರೆಗೆ ಎಥಿಲೀನ್ ಅನಿಲಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಹಿಂದೆಯೇ ಇನ್ನೊಂದು ಅಡ್ಡದಾರಿ ಹುಟ್ಟಿತು: ಎಥೆಫಾನ್ ದ್ರಾವಣದಲ್ಲಿ ಹಣ್ಣನ್ನು ನೇರವಾಗಿ ಅದ್ದುವುದು. ಎಥೆಫಾನ್‌ನಿಂದ ಅನಿಲ ಹೊರಡಿಸಬಹುದು, ಹಣ್ಣಿಗೆ ಅದು ತಾಗಬಾರದು ಎಂದು 2025ರಲ್ಲಿ ಪ್ರಾಧಿಕಾರ ಮತ್ತೆ ಸ್ಪಷ್ಟಪಡಿಸಬೇಕಾಯಿತು. ಸಣ್ಣ ಮಂಡಿಯವನಿಗೆ ಎಥಿಲೀನ್ ಕೋಣೆ ಕಟ್ಟುವ ಶಕ್ತಿಯಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ದಾಳಿ ನಡೆಸುವುದಕ್ಕಿಂತ ಎಪಿಎಂಸಿ ಅಂಗಳದಲ್ಲೇ ಹತ್ತಾರು ಮಂದಿ ಬಾಡಿಗೆಗೆ ಬಳಸುವ ಕೋಣೆಗಳನ್ನು ಕಟ್ಟುವುದು ಹೆಚ್ಚು ಕೆಲಸಕ್ಕೆ ಬರುತ್ತದೆಂದು ನಾನು ನಂಬುತ್ತೇನೆ.

ಈ ಇಡೀ ವಿಷಯದ ಹೃದಯ ಇರುವುದು ಟೊಮೆಟೊದಲ್ಲಿ. ಕೋಲಾರದ ಎಪಿಎಂಸಿ ಏಷ್ಯಾದಲ್ಲೇ ಎರಡನೇ ದೊಡ್ಡ ಟೊಮೆಟೊ ಮಾರುಕಟ್ಟೆಯೆಂದು ಹೆಸರಾದದ್ದು, ಹದಿನೈದು ಕೆ.ಜಿ.ಯ ಬಾಕ್ಸ್‌ಗಳು ಇಲ್ಲಿಂದ ದೇಶದ ಉದ್ದಗಲಕ್ಕೂ ಹೋಗುತ್ತವೆ. ಇಷ್ಟು ದೊಡ್ಡ ಬೆಳೆಯ ಮೇಲೆ ಬಂದ ದೊಡ್ಡ ಪೆಟ್ಟು ಟೂಟಾ ಅಬ್ಸಲ್ಯೂಟಾ ಎಂಬ ಸಣ್ಣ ಪತಂಗ. ಇದರ ತವರು ದಕ್ಷಿಣ ಅಮೆರಿಕ. 2006ರಲ್ಲಿ ಸ್ಪೇನ್‌ನಲ್ಲಿ ಕಾಣಿಸಿಕೊಂಡಿತು, 2014ರಲ್ಲಿ ಭಾರತಕ್ಕೆ ಬಂತು, ಕರ್ನಾಟಕಕ್ಕೂ ಹಬ್ಬಿತು. ಎಲೆಯ ಎರಡು ಪದರಗಳ ನಡುವೆ, ಕಾಯಿಯ ಒಳಗೆ ಮರಿ ಕೂರುವುದರಿಂದ ಮೇಲಿನಿಂದ ಹೊಡೆದ ಔಷಧಿ ಅದಕ್ಕೆ ತಲುಪುವುದೇ ಕಷ್ಟ. ತಲುಪದಿದ್ದಾಗ ರೈತ ಇನ್ನೊಮ್ಮೆ ಹೊಡೆಯುತ್ತಾನೆ.

ಭಾರತಕ್ಕೆ ಈ ಹುಳು ಬರುವ ಎಂಟು ವರ್ಷ ಮೊದಲೇ ಸ್ಪೇನಿನವರು ಅದರೊಡನೆ ಗುದ್ದಾಡಿದ್ದರು. ಲಿಂಗಾಕರ್ಷಕ ಬಲೆ, ಕೀಟಕ್ಕೆ ಬಿದ್ದ ಎಲೆ–ಕಾಯಿಗಳ ವಿಲೇವಾರಿ, ಮತ್ತೆ ನೆಸಿಡಿಯೊಕೋರಿಸ್ ಎಂಬ ಪುಟ್ಟ ತಿಗಣೆ ಜಾತಿಯ ಕೀಟ. ಈ ಕೀಟ ಟೂಟಾದ ಮೊಟ್ಟೆಗಳನ್ನು ಹೀರಿ ಬದುಕುತ್ತದೆ. ಸ್ಪೇನಿನವರು ಅದನ್ನು ಸಾಕಿ ಹಸಿರುಮನೆಗಳಿಗೆ ಬಿಟ್ಟರು. ಅದೇ ಜಾತಿ ನಮ್ಮ ಟೊಮೆಟೊ ಹೊಲಗಳಲ್ಲೂ ಇದೆ, ತರಿಸಿಕೊಳ್ಳುವ ಅಗತ್ಯವಿಲ್ಲ. ಆದರೆ ಎಲ್ಲ ಕೀಟಗಳನ್ನೂ ಒಟ್ಟಿಗೆ ಕೊಲ್ಲುವ ಔಷಧಿಗಳಿಗೆ ಮೊದಲು ಬಲಿಯಾಗುವುದು ಅದೇ. ಈ ಮಾತನ್ನು ಮುಳಬಾಗಿಲಿನ ರೈತನಿಗೆ ಹೇಳುವವರು ಯಾರು? ಅವನ ದಿನನಿತ್ಯದ ಸಲಹೆಗಾರ ಔಷಧಿ ಅಂಗಡಿಯವನು. ಅಂಗಡಿಯವನಿಗೆ ಸಾಲದ ಲೆಕ್ಕವೂ ಗೊತ್ತು, ಹುಳುವಿನ ಹೆಸರೂ ಗೊತ್ತು. ಔಷಧಿ ಮಾರದಿರುವುದರಿಂದ ಮಾತ್ರ ಅವನಿಗೆ ಲಾಭವಿಲ್ಲ. ಪ್ರಪಂಚದ ಜ್ಞಾನವೆಲ್ಲ ಕೊನೆಗೆ ಆ ಕೌಂಟರ್ ದಾಟಿಯೇ ಹೊಲಕ್ಕೆ ಹೋಗುವುದಾದರೆ, ಅಂಗಡಿಯವನನ್ನೂ ಈ ವಿನಿಮಯದ ಭಾಗವಾಗಿ ತರಬೇತಿಗೆ ಕರೆಯದೆ ವಿಧಿಯಿಲ್ಲ.

ಉಳಿಕೆಯ ಮಿತಿ ಹುಟ್ಟುವ ಬಗೆಯನ್ನೂ ಇಲ್ಲಿ ಬಿಡಿಸಿ ಹೇಳಬೇಕು. ಎಫ್‌ಎಒ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಜಂಟಿ ಸಭೆಯೊಂದು ಎರಡು ಬಗೆಯ ದಾಖಲೆಗಳನ್ನು ನೋಡುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ, ಮನುಷ್ಯ ಜೀವನಪೂರ್ತಿ ದಿನಕ್ಕೆ ಎಷ್ಟು ತಿಂದರೂ ಕೆಡುಕಿಲ್ಲ ಎಂಬ ಪ್ರಮಾಣ. ಹೊಲದ ಪ್ರಯೋಗಗಳಿಂದ, ಲೇಬಲ್‌ನಲ್ಲಿ ಹೇಳಿದಷ್ಟೇ ಔಷಧಿ ಹೊಡೆದು, ಹೇಳಿದಷ್ಟು ದಿನ ಕಾದು, ಆಮೇಲೆ ಕೊಯ್ದರೆ ಎಷ್ಟು ಉಳಿದಿರುತ್ತದೆ ಎಂಬ ಅಳತೆ. ಇವೆರಡನ್ನೂ ಹೊಂದಿಸಿ ಕೋಡೆಕ್ಸ್‌ಗೆ ಮಿತಿ ಸೂಚಿಸುತ್ತಾರೆ. ಅಂದರೆ ರೋಮ್‌ನಲ್ಲಿ ಬರೆದ ಆ ಸಂಖ್ಯೆಯೊಳಗೆ, ರೈತ ಕಾದಿದ್ದಾನೆ ಎಂಬ ನಂಬಿಕೆ ಕೂತಿದೆ. ಟೊಮೆಟೊ ಕೊಯ್ಲು ಹತ್ತಿದರೆ ಮೂರು–ನಾಲ್ಕು ದಿನಕ್ಕೊಮ್ಮೆ ಬಿಡಿಸಲೇಬೇಕು. ಐದು ದಿನ ಕಾಯಬೇಕಾದ ಔಷಧಿಯನ್ನು ಆ ನಡುವೆ ಹೊಡೆದವನು ಕಾಯುವುದೆಂತು? ಹಣ್ಣು ಗಿಡದಲ್ಲೇ ಮೆತ್ತಗಾಗುತ್ತದೆ, ಬಾಕ್ಸಿನ ಬೆಲೆ ನಾಳೆಗೆ ಇಳಿಯುತ್ತದೆ. ತಪ್ಪನ್ನು ರೈತನ ಅಜ್ಞಾನಕ್ಕೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಅವನ ಕೊಯ್ಲಿನ ಲಯಕ್ಕೆ ಹೊಂದುವ ಔಷಧಿ ಯಾವುದು, ಕೊಯ್ಲು ಶುರುವಾದ ಮೇಲೆ ಯಾವುದನ್ನು ಮುಟ್ಟಲೇಬಾರದು ಎಂಬ ಒಂದು ಪುಟದ ಪಟ್ಟಿ ಕನ್ನಡದಲ್ಲೂ ತೆಲುಗಿನಲ್ಲೂ ಅವನ ಕೈಯಲ್ಲಿರಬೇಕು.

ಇನ್ನೊಂದು ತೊಡಕು ಕಾಯ್ದೆಯೊಳಗೇ ಇದೆ. ರೈತನಿಗೂ ಹೊಲದ ಮಟ್ಟದ ಬೆಳೆಗೂ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರ 18ನೇ ಕಲಮು ಹೇಳುತ್ತದೆ. ಸಣ್ಣ ರೈತನನ್ನು ಇನ್‌ಸ್ಪೆಕ್ಟರನ ಕಾಟದಿಂದ ಕಾಪಾಡುವ ಈ ವಿನಾಯಿತಿ ಸರಿಯಾದದ್ದೇ. ಇದರಿಂದ ಹೊಲ ಕೃಷಿ–ತೋಟಗಾರಿಕೆ ಇಲಾಖೆಗಳಿಗೆ, ಕೀಟನಾಶಕದ ನೋಂದಣಿ 1968ರ ಕೀಟನಾಶಕ ಕಾಯ್ದೆಗೆ, ಮಂಡಿಯಿಂದಾಚೆಯ ಆಹಾರ ಆರೋಗ್ಯ ಇಲಾಖೆಯಡಿಯ ಸುರಕ್ಷತಾ ಅಧಿಕಾರಿಗೆ ಎಂದು ಹೊಣೆ ಹಂಚಿಹೋಗಿದೆ. ಅಧಿಕಾರಿ ಮಾದರಿ ತೆಗೆದರೆ ವಿಶ್ಲೇಷಕರು ವರದಿ ಕೊಡಲು ಕಾನೂನು 14 ದಿನದ ಗಡುವು ಇಟ್ಟಿದೆ. ಟೊಮೆಟೊ ಅಷ್ಟರಲ್ಲಿ ಸಾರಾಗಿ ಮುಗಿದಿರುತ್ತದೆ. ಹಾಗಾಗಿ ಆ ವರದಿಯಿಂದ ಆಗಬಹುದಾದ ದೊಡ್ಡ ಉಪಯೋಗ ಶಿಕ್ಷೆಯಲ್ಲ, ತಿದ್ದುಪಡಿ: ಯಾವ ಕಡೆಯ ಹಣ್ಣಿನಲ್ಲಿ ಯಾವ ಔಷಧಿ ಮಿತಿ ಮೀರುತ್ತಿದೆ ಎಂದು ತೋಟಗಾರಿಕೆ ಇಲಾಖೆಗೆ ತಿಳಿಸುವುದು. ಕೇಂದ್ರ ಕೃಷಿ ಸಚಿವಾಲಯದ ಉಳಿಕೆ ಸಮೀಕ್ಷೆ 2005–06ರಿಂದ ನಡೆಯುತ್ತಿದೆ. ಪಾರ್ಮಾದಲ್ಲಿರುವ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೂ ದೆಹಲಿಗೂ ನಡುವೆ ಇರುವ ಮಾತುಕತೆ ಒಂದೇ ತಾಲ್ಲೂಕಿನ ಎರಡು ಕಚೇರಿಗಳ ನಡುವೆಯೂ ನಿಯಮವಾಗಿ ನಡೆಯುವ ಏರ್ಪಾಡು ಬೇಕು.

ತಿಳಿದೂ ತಡಮಾಡಿದರೆ ತೆರಬೇಕಾದ ಬೆಲೆಗೆ ಮೊನೊಕ್ರೋಟೊಫಾಸ್ ಸಾಕ್ಷಿ. ಭಾರತದಲ್ಲಿ ಅದು ಮಾಡುತ್ತಿರುವ ಹಾನಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ದೆಹಲಿಯ ಪ್ರಾದೇಶಿಕ ಕಚೇರಿ 2009ರಲ್ಲೇ ವರದಿ ಪ್ರಕಟಿಸಿತ್ತು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯಲ್ಲಿ ಸೇರಿದ್ದು ಅದೇ ಔಷಧಿ. ಮಾರುಕಟ್ಟೆಯಲ್ಲಿ ಓಡಾಡುತ್ತಿದ್ದ ಅದರ 36 ಶೇಕಡಾ ದ್ರಾವಣವನ್ನು ಹಿಂತೆಗೆಯುವ ಆದೇಶ ಹೊರಬಿದ್ದದ್ದು 2023ರಲ್ಲಿ, ಅದೂ ಉಳಿದ ದಾಸ್ತಾನಿಗೆ ಕಾಲಾವಕಾಶ ಕೊಟ್ಟು. ವರದಿಗೂ ಆದೇಶಕ್ಕೂ ನಡುವಿನ ಹದಿನಾಲ್ಕು ವರ್ಷವನ್ನು ಯಾವ ಅಂತರರಾಷ್ಟ್ರೀಯ ಸಮ್ಮೇಳನವೂ ಸಮರ್ಥಿಸಿಕೊಳ್ಳಲಾರದು.

ಕೋಲಾರದ ನೀರಿನ ಪ್ರಶ್ನೆ ಬೇರೆಯದೇ ಬಗೆಯದು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. 126 ಕೆರೆ ತುಂಬಿಸಿ ಅಂತರ್ಜಲ ಏರಿಸುವ ಯೋಜನೆಯಿದು. ಕೆಲವೇ ವಾರಗಳಲ್ಲಿ ನೊರೆ ಕಂಡು ಜನ ಬೆದರಿದರು, ಹೈಕೋರ್ಟು ತಡೆ ಕೊಟ್ಟಿತು, ಸುಪ್ರೀಂ ಕೋರ್ಟಿನವರೆಗೂ ವ್ಯಾಜ್ಯ ಹೋಯಿತು, ಆಮೇಲೆ ನೀರು ಮತ್ತೆ ಹರಿಯಿತು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದೂ ನಿಜ, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಇನ್ನೂ ಉಳಿದಿರುವುದೂ ನಿಜ. ಇಸ್ರೇಲ್ ತನ್ನ ಕೊಳಚೆ ನೀರಿನ ಬಹುಪಾಲನ್ನು ಬೇಸಾಯಕ್ಕೆ ಮರುಬಳಸುತ್ತದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಯುರೋಪಿನ ಮರುಬಳಕೆ ನಿಯಮ, ನೀರು ತಾಗುವ, ಹಸಿಯಾಗಿಯೇ ತಿನ್ನುವ ತರಕಾರಿಗೆ ಅತಿ ಶುದ್ಧ ದರ್ಜೆಯ ನೀರನ್ನಷ್ಟೇ ಬಿಡುತ್ತದೆ. ನೂರು ಮಿಲಿಲೀಟರ್‌ನಲ್ಲಿ ಇ–ಕೊಲೈ ಹತ್ತನ್ನು ಮೀರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಇನ್ನೊಂದು ದಾರಿ ತೋರುತ್ತದೆ: ಶುದ್ಧೀಕರಣವೊಂದನ್ನೇ ನೆಚ್ಚದೆ, ಬೆಳೆಯ ಆಯ್ಕೆ, ಹನಿ ನೀರಾವರಿ, ಕೊಯ್ಲಿಗೆ ಮುಂಚೆ ನೀರು ನಿಲ್ಲಿಸುವುದು, ತೊಳೆಯುವುದು ಹೀಗೆ ಅಪಾಯವನ್ನು ಹೆಜ್ಜೆಹೆಜ್ಜೆಗೆ ತಗ್ಗಿಸುವುದು. ಬಡ ರೈತರ ನಾಡಿಗೆ ಒಗ್ಗುವುದು ಇದೇ. ನೀರಿನ ಪರೀಕ್ಷೆಯ ಜೊತೆಗೆ ಕೆರೆಯಂಚಿನ ಸೊಪ್ಪು, ತರಕಾರಿ, ಮೇವಿನಲ್ಲಿ ಭಾರಲೋಹಗಳ ನಿಯತ ಪರೀಕ್ಷೆ ಬೇಕು, ಫಲಿತಾಂಶ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಬೇಕು.

ಮೇವೆಂದಾಗ ಹಾಲಿನ ಮಾತೂ ಬರುತ್ತದೆ, ಕೋಲಾರ ಹಾಲಿನ ಜಿಲ್ಲೆಯಲ್ಲವೇ. ಬೂಷ್ಟು ಹಿಡಿದ ಮೇವು–ಹಿಂಡಿಯ ಅಫ್ಲಾಟಾಕ್ಸಿನ್ ಹಸುವಿನ ಹಾಲಿಗೆ ಇಳಿಯುತ್ತದೆ. 2018ರಲ್ಲಿ ಎಫ್‌ಎಸ್‌ಎಸ್‌ಎಐ ದೇಶದಾದ್ಯಂತ ತೆಗೆದ 6,432 ಮಾದರಿಗಳಲ್ಲಿ 368ರಲ್ಲಿ ಅದು ಮಿತಿ ಮೀರಿತ್ತು. ಕೋಡೆಕ್ಸ್ ಮಿತಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ, ನಮ್ಮದೂ ಅಷ್ಟೇ; ಯುರೋಪಿನದು ಅದರ ಹತ್ತನೇ ಒಂದು ಪಾಲು. 2001ರಲ್ಲಿ ಅಂತರರಾಷ್ಟ್ರೀಯ ತಜ್ಞರು ಎರಡನ್ನೂ ಹೋಲಿಸಿ, ಅಪಾಯದಲ್ಲಿ ವ್ಯತ್ಯಾಸ ತೀರಾ ಸಣ್ಣದೆಂದು ಕಂಡರು. ಹಾಗಿದ್ದೂ ಯುರೋಪ್ ತನ್ನ ಮಿತಿ ಬಿಡಲಿಲ್ಲ. ವಿಜ್ಞಾನವನ್ನು ಹಂಚಿಕೊಂಡ ಮೇಲೂ ಗೆರೆ ಎಲ್ಲಿ ಎಳೆಯಬೇಕೆಂಬುದು ಆಯಾ ಸಮಾಜದ ತೀರ್ಮಾನ. ಹೊರಗಿನ ಮಿತಿ ಬಿಗಿಯಾಗಿದೆ ಎಂದ ಮಾತ್ರಕ್ಕೆ ನಮ್ಮದು ವಿಷವೆನ್ನುವುದೂ, ಅವರದು ವ್ಯಾಪಾರದ ತಂತ್ರವೆಂದು ತಳ್ಳಿಹಾಕುವುದೂ ಸಲ್ಲದು.

ಈ ವಿನಿಮಯ ಒಂದೇ ದಿಕ್ಕಿನದಾಗಬೇಕಿಲ್ಲ. ಹೊಲದ ಪ್ರಯೋಗಗಳ ದಾಖಲೆ ಹೆಚ್ಚಾಗಿ ಒದಗಿಸುವುದು ಔಷಧಿ ಕಂಪನಿಗಳು. ಅವರಿಗೆ ಲಾಭವಿಲ್ಲದ ಸಣ್ಣ ಬೆಳೆಗೆ ಯಾರೂ ದಾಖಲೆ ಕೊಡುವುದಿಲ್ಲ, ಮಿತಿಯೂ ಹುಟ್ಟುವುದಿಲ್ಲ. ಮಿತಿಯಿಲ್ಲದ ಕಡೆ ಯುರೋಪ್ ಕೆ.ಜಿ.ಗೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಗೆರೆ ಹಾಕುತ್ತದೆ, ಅಂದರೆ ನೂರು ಟನ್‌ಗೆ ಒಂದು ಗ್ರಾಂ. ಮಸಾಲೆಯ ವಿಷಯದಲ್ಲಿ ಭಾರತ ಎಚ್ಚೆತ್ತಿತು. 2013ರಲ್ಲಿ ಕೋಡೆಕ್ಸ್ ಮಸಾಲೆ ಸಮಿತಿ ರಚನೆಯಾದಾಗ ಅದರ ಆತಿಥ್ಯ ಭಾರತಕ್ಕೆ ಬಂತು. ಏಲಕ್ಕಿಯಂಥ ಬೆಳೆಗೆ ನಮ್ಮ ಮಾದರಿಗಳ ಅಂಕಿಅಂಶಗಳೇ ಅಂತರರಾಷ್ಟ್ರೀಯ ಮಿತಿಗೆ ಆಧಾರವಾದವು. ಕೋಲಾರದಲ್ಲಿ ತೋಟಗಾರಿಕಾ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಉಳಿಕೆ ಪ್ರಯೋಗಾಲಯ ಹತ್ತಿರದಲ್ಲೇ ಇದೆ. ಮೂರು ದಿನಕ್ಕೊಮ್ಮೆ ಬಿಡಿಸುವ ಟೊಮೆಟೊದಲ್ಲಿ ಯಾವ ಔಷಧಿ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ಇಲ್ಲಿಯ ಬಿಸಿಲಿನಲ್ಲೇ ಅಳೆದು ಕೋಡೆಕ್ಸ್‌ಗೆ ಕಳಿಸಬಹುದು.

ಗಡಿ ಎಂದರೆ ಸಮುದ್ರದಾಚೆಯದಷ್ಟೇ ಅಲ್ಲ. 2024ರ ಫೆಬ್ರುವರಿಯಲ್ಲಿ ಪುದುಚೇರಿ ಆಡಳಿತ ಬಾಂಬೆ ಮಿಠಾಯಿಯಲ್ಲಿ ರೋಡಮೈನ್–ಬಿ ಎಂಬ ಬಣ್ಣವನ್ನು ಕಂಡುಹಿಡಿದು ಮಾರಾಟ ನಿಲ್ಲಿಸಿತು, ಅದೇ ತಿಂಗಳು ತಮಿಳುನಾಡು ನಿಷೇಧಿಸಿತು. ಮಾರ್ಚ್ 11ರಂದು ಕರ್ನಾಟಕವೂ ಕ್ರಮ ಕೈಗೊಂಡಿತು. ಇಲ್ಲಿ ಪರೀಕ್ಷಿಸಿದ 25 ಬಾಂಬೆ ಮಿಠಾಯಿ ಮಾದರಿಗಳಲ್ಲಿ 15, ಗೋಬಿ ಮಂಚೂರಿಯ 171ರಲ್ಲಿ 107 ಅಸುರಕ್ಷಿತವಾಗಿದ್ದವು. ಒಂದು ಕಡೆ ಸಿಕ್ಕ ಸುಳಿವು ಸುಮಾರು ಒಂದು ತಿಂಗಳಲ್ಲಿ ಮೂರು ಆಡಳಿತಗಳನ್ನು ದಾಟಿತು. ಮುಳಬಾಗಿಲಿನಿಂದ ಆಂಧ್ರದ ಗಡಿ ಕೂಗಳತೆಯಲ್ಲಿದೆ. ನಮ್ಮ ತೋತಾಪುರಿ ತಿರುಳಾಗುವುದು ಬಹುಮಟ್ಟಿಗೆ ಚಿತ್ತೂರಿನ ಕಾರ್ಖಾನೆಗಳಲ್ಲಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ಬಾಗಿಲು ಹಾಕಿದಾಗ ಶ್ರೀನಿವಾಸಪುರದ ಕಾಯಿ ತೋಟದಲ್ಲೇ ಉಳಿಯಿತು, ಕರ್ನಾಟಕದ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಆ ಜಗಳ ಬೆಲೆಯದು, ಸುರಕ್ಷತೆಯದಲ್ಲ. ಆದರೆ ರಫ್ತಿಗೆಂದು ತಿರುಳನ್ನು ಪರೀಕ್ಷಿಸುವಾಗ ಹೊರಬೀಳುವ ಮಾಹಿತಿ ನಮ್ಮ ಮಾವಿನ ಬಗ್ಗೆ ಸಿಗಬಹುದಾದ ಬೆಲೆಬಾಳುವ ದಾಖಲೆ. ಯಾವ ಕಡೆಯ ಕಾಯಿಯಲ್ಲಿ ಯಾವ ಉಳಿಕೆ ಎಂಬುದು ಕಾಯಿ ಹೋದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ಎಲ್ಲ ರಾಜ್ಯಗಳ ಆಹಾರ ಸುರಕ್ಷತಾ ಆಯುಕ್ತರು ಒಟ್ಟಿಗೆ ಕೂರುವ ಕೇಂದ್ರ ಸಲಹಾ ಸಮಿತಿಯೊಂದು ಕಾಯ್ದೆಯಲ್ಲೇ ಇದೆ. ಕರ್ನಾಟಕ, ಆಂಧ್ರ, ತಮಿಳುನಾಡುಗಳ ಆಯುಕ್ತರು ಅಲ್ಲಿ ಈ ವಿಷಯ ಎತ್ತಿ, ಮುಂದಿನ ಮಾವು ಮಂಡಿಗೆ ಇಳಿಯುವ ಮೊದಲೇ ಉಳಿಕೆಗಳ ಒಂದು ಸಾಮಾನ್ಯ ಪಟ್ಟಿ ಹೊರಡಿಸಲು ಹೊಸ ಕಾನೂನೇನೂ ಬೇಕಿಲ್ಲ.